ಟೆಸ್ಟ್ ಫೇಲಾದ ಮೇಲೆ ಏನು ಕೊಡುತ್ತದೆ? ಪ್ರಾಪರ್ಟಿ ಟೆಸ್ಟಿಂಗ್ ಲೈಬ್ರರಿ ಆರಿಸುವವರಿಗೆ

ಪ್ರಾಪರ್ಟಿ ಟೆಸ್ಟಿಂಗ್ ಶುರು ಮಾಡಬೇಕೆಂದಿರುವ ತಂಡಗಳು ಲೈಬ್ರರಿಗಳನ್ನು ಹೋಲಿಸುವಾಗ ಸಾಮಾನ್ಯವಾಗಿ ಜನರೇಟರ್‌ಗಳ ಪಟ್ಟಿಯನ್ನೇ, ಅಂದರೆ ಟೆಸ್ಟ್‌ಗೆ ಬೇಕಾದ ಡೇಟಾ ಹುಟ್ಟಿಸುವ ಫಂಕ್ಷನ್‌ಗಳ ಪಟ್ಟಿಯನ್ನೇ, ಮೊದಲು ನೋಡುತ್ತವೆ. ದಿನಾಂಕ ಹುಟ್ಟಿಸುತ್ತದೆಯೇ, ಇಮೇಲ್ ಹುಟ್ಟಿಸುತ್ತದೆಯೇ, ಜೇಸನ್ ಹುಟ್ಟಿಸುತ್ತದೆಯೇ ಎಂದು. ನನ್ನ ಪ್ರಕಾರ ಅದು ಎರಡನೆಯ ಪ್ರಶ್ನೆ. ಇಲ್ಲದ ಜನರೇಟರನ್ನು ನಾವೇ ಬರೆದುಕೊಳ್ಳಬಹುದು. ಟೆಸ್ಟ್ ಫೇಲಾದ ಮೇಲೆ ಲೈಬ್ರರಿ ನಮ್ಮ ಕೈಗೆ ಏನು ಕೊಡುತ್ತದೆ ಎಂಬುದನ್ನು ಮಾತ್ರ ಹೊರಗಿನಿಂದ ಸೇರಿಸಲು ಬರುವುದಿಲ್ಲ. ಅದು ಲೈಬ್ರರಿಯ ಬುನಾದಿಯಲ್ಲೇ ಇರಬೇಕು. ಹಾಗಾಗಿ ಇಲ್ಲಿ ನಾನು ಹೋಲಿಸುವುದು ಮುಖ್ಯವಾಗಿ ಆ ಒಂದು ವಿಷಯವನ್ನು, ಉಳಿದದ್ದು ಅದರ ಹಿಂದೆ.

ಹೊಸಬರಿಗಾಗಿ ಎರಡು ಮಾತು. ಹೋಟೆಲ್ ಬಿಲ್ಲನ್ನು ಗೆಳೆಯರ ನಡುವೆ ಹಂಚುವ ಒಂದು ಫಂಕ್ಷನ್ ಇದೆ ಎನ್ನಿ. ಮಾಮೂಲಿ ಯೂನಿಟ್ ಟೆಸ್ಟ್‌ನಲ್ಲಿ 100 ರೂಪಾಯಿಯನ್ನು ಮೂವರಿಗೆ ಹಂಚಿದರೆ 33.34, 33.33, 33.33 ಬರಬೇಕು ಎಂದು ಬರೆಯುತ್ತೇವೆ. ಪ್ರಾಪರ್ಟಿ ಟೆಸ್ಟ್‌ನಲ್ಲಿ ನಿಯಮವನ್ನೇ ಬರೆಯುತ್ತೇವೆ: ಮೊತ್ತ ಎಷ್ಟೇ ಇರಲಿ, ಜನ ಎಷ್ಟೇ ಇರಲಿ, ಪಾಲುಗಳನ್ನು ಕೂಡಿದರೆ ಮೂಲ ಮೊತ್ತವೇ ಬರಬೇಕು, ಅತಿ ದೊಡ್ಡ ಪಾಲಿಗೂ ಅತಿ ಚಿಕ್ಕ ಪಾಲಿಗೂ ಒಂದು ಪೈಸೆಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಮೊತ್ತಗಳನ್ನೂ ತಲೆಗಳನ್ನೂ ಲೈಬ್ರರಿ ತಾನೇ ಹುಟ್ಟಿಸಿ, ನಿಯಮ ಮುರಿಯುವ ಜೋಡಿಯನ್ನು ಹುಡುಕುತ್ತದೆ. ಈ ಪದ್ಧತಿಗೆ ಇಂದಿನ ರೂಪ ಕೊಟ್ಟದ್ದು ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿರುವ ಚಾಲ್ಮರ್ಸ್ ವಿಶ್ವವಿದ್ಯಾಲಯದ ಕೂನ್ ಕ್ಲಾಸೆನ್ ಮತ್ತು ಜಾನ್ ಹ್ಯೂಸ್. 2000ರಲ್ಲಿ ಹ್ಯಾಸ್ಕೆಲ್ ಭಾಷೆಗಾಗಿ ಅವರು ಹೊರತಂದ ಕ್ವಿಕ್‌ಚೆಕ್‌ನಿಂದಲೇ ಇವತ್ತಿನ ಬಹುಪಾಲು ಲೈಬ್ರರಿಗಳು ಕವಲೊಡೆದಿವೆ.

ಕುಗ್ಗಿಸುವ ಮೂರು ದಾರಿ

ಯಾದೃಚ್ಛಿಕ ಡೇಟಾದಿಂದ ಸಿಗುವ ಬಗ್ ನೋಡಲು ಭಯಂಕರವಾಗಿರುತ್ತದೆ. ಎಪ್ಪತ್ತು ಅಂಶಗಳ ಲಿಸ್ಟ್, ಅದರಲ್ಲಿ ಒಂಬತ್ತಂಕಿಯ ಸಂಖ್ಯೆಗಳು, ನಡುವೆ ಎಲ್ಲೋ ತಪ್ಪಿಗೆ ಕಾರಣವಾದ ಒಂದೇ ಒಂದು ಅಂಶ. ಅದನ್ನು ನೋಡಿ ಡೀಬಗ್ ಮಾಡಲು ಕೂತರೆ ಅರ್ಧ ದಿನ ಹೋಗುತ್ತದೆ. ಆದ್ದರಿಂದ ಒಳ್ಳೆಯ ಲೈಬ್ರರಿ ಅಲ್ಲಿಗೆ ನಿಲ್ಲುವುದಿಲ್ಲ. ಅದೇ ತಪ್ಪನ್ನು ತೋರಿಸುವ ಇನ್ನೂ ಚಿಕ್ಕ ಇನ್‌ಪುಟ್ ಇದೆಯೇ ಎಂದು ಮತ್ತೆ ಮತ್ತೆ ಪ್ರಯತ್ನಿಸಿ, ಕೊನೆಗೆ ಎರಡೇ ಅಂಶಗಳ ಲಿಸ್ಟನ್ನು ಕೊಡುತ್ತದೆ. ಇದೇ ಶ್ರಿಂಕಿಂಗ್. ಇದು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಎರ್ಲಾಂಗ್ ಭಾಷೆಯ ಡೆಟ್ಸ್ ಪ್ರಕರಣ ಸಾಕು. ಫೈಲ್‌ನಲ್ಲಿ ಕೂರುವ ಆ ಡೇಟಾ ಟೇಬಲ್‌ನಲ್ಲಿ ಅಪರೂಪಕ್ಕೆ ಕಾಣಿಸಿಕೊಳ್ಳುತ್ತಿದ್ದ ರೇಸ್ ಕಂಡಿಷನ್‌ಗಳು (ಏಕಕಾಲಕ್ಕೆ ಓಡುವ ಕೆಲಸಗಳ ಕ್ರಮ ತಪ್ಪಿ ಬರುವ ಬಗ್‌ಗಳು) ಉತ್ಪಾದನಾ ವ್ಯವಸ್ಥೆಗಳನ್ನೇ ಕಾಡಿದ್ದವು. ಹ್ಯೂಸ್ ಅವರು ಎರ್ಲಾಂಗ್‌ನ ಕ್ವಿಕ್‌ಚೆಕ್ ಹಚ್ಚಿದಾಗ ಸಿಕ್ಕ ಬಗ್‌ಗಳನ್ನು ಮತ್ತೆ ತೋರಿಸಲು ಹೆಚ್ಚೆಂದರೆ ಒಂದು ರೆಕಾರ್ಡ್, ಐದಾರು ಕರೆಗಳು ಸಾಕಾಗಿದ್ದವು. ಅಷ್ಟು ಚಿಕ್ಕದಾದ ಮೇಲೆ ಬಗ್ ಅಡಗಿಕೊಳ್ಳಲು ಜಾಗ ಎಲ್ಲಿದೆ?

ಕುಗ್ಗಿಸುವ ಕೆಲಸವನ್ನು ಲೈಬ್ರರಿಗಳು ಮೂರು ರೀತಿ ಮಾಡುತ್ತವೆ.

ಮೊದಲನೆಯದು ಟೈಪ್ ನೋಡಿ ಕುಗ್ಗಿಸುವುದು. ಹ್ಯಾಸ್ಕೆಲ್‌ನ ಕ್ವಿಕ್‌ಚೆಕ್, ರಸ್ಟ್‌ನ ಕ್ವಿಕ್‌ಚೆಕ್ ಎರಡೂ ಈ ಪಂಗಡದವು. ಪ್ರತಿ ಟೈಪ್‌ಗೂ ಹುಟ್ಟಿಸುವ ಫಂಕ್ಷನ್ ಒಂದು, ಕುಗ್ಗಿಸುವ ಫಂಕ್ಷನ್ ಇನ್ನೊಂದು, ಎರಡಕ್ಕೂ ಸಂಬಂಧವಿಲ್ಲ. ತೊಂದರೆ ಇರುವುದೇ ಅಲ್ಲಿ. ಆರು ಅಂಕಿಯ, ಸೊನ್ನೆಯಿಂದ ಶುರುವಾಗದ ಪಿನ್‌ಕೋಡ್ ಹುಟ್ಟಿಸುವ ಜನರೇಟರನ್ನು ಕಷ್ಟಪಟ್ಟು ಬರೆದಿರುತ್ತೀರಿ. 571438 ಎಂಬ ಪಿನ್‌ಕೋಡ್‌ಗೆ ವಿಳಾಸದ ಕೋಡ್ ತಪ್ಪು ಉತ್ತರ ಕೊಟ್ಟಿತು. ಕುಗ್ಗಿಸುವ ಫಂಕ್ಷನ್‌ಗೆ ಪಿನ್‌ಕೋಡ್ ಎಂದರೇನೆಂದೇ ಗೊತ್ತಿಲ್ಲ, ಅದರ ಕಣ್ಣಿಗೆ ಅದು ಬರೀ ಸ್ಟ್ರಿಂಗ್. ಖಾಲಿ ಸ್ಟ್ರಿಂಗ್ ಕೊಟ್ಟು ನೋಡುತ್ತದೆ, ಕೋಡ್ ಅಲ್ಲೂ ಬೀಳುತ್ತದೆ, ‘ಖಾಲಿ ಪಿನ್‌ಕೋಡ್‌ಗೆ ಫೇಲ್’ ಎಂಬ ವರದಿ ಬರುತ್ತದೆ. ನಿಜವಾದ ಬಗ್ ಮುಚ್ಚಿಹೋಯಿತು, ನೀವು ಇಲ್ಲದ ಬಗ್ಗಿನ ಬೆನ್ನು ಹತ್ತಿದಿರಿ. ಇದನ್ನು ತಪ್ಪಿಸಬೇಕೆಂದರೆ ಪಿನ್‌ಕೋಡ್‌ಗೆ ಬೇರೆಯದೇ ಟೈಪ್ ಮಾಡಿ, ಜನರೇಟರ್‌ನಲ್ಲಿ ಬರೆದ ನಿಯಮವನ್ನೇ ಕುಗ್ಗಿಸುವ ಫಂಕ್ಷನ್‌ನಲ್ಲಿ ಮತ್ತೊಮ್ಮೆ ಬರೆಯಬೇಕು. ಬರೆಯದಿದ್ದರೆ, ಹ್ಯಾಸ್ಕೆಲ್‌ನಲ್ಲಿ ನೀವು ಮಾಡಿದ ಹೊಸ ಟೈಪ್ ತಾನಾಗಿ ಕುಗ್ಗುವುದೇ ಇಲ್ಲ. ಗಡುವಿನ ಒತ್ತಡದಲ್ಲಿರುವ ತಂಡದಲ್ಲಿ ಈ ಎರಡನೆಯ ಫಂಕ್ಷನ್ ಬರೆಯುವವರು ಕಡಿಮೆ.

ಎರಡನೆಯದರಲ್ಲಿ ಜನರೇಟರ್ ಮೌಲ್ಯದ ಜೊತೆಗೆ ಅದು ಹೇಗೆಲ್ಲ ಕುಗ್ಗಬಹುದು ಎಂಬ ಮರವನ್ನೂ ಕಟ್ಟಿಕೊಡುತ್ತದೆ. ಕ್ಲೋಷರ್‌ನ ಟೆಸ್ಟ್.ಚೆಕ್, ಹ್ಯಾಸ್ಕೆಲ್‌ನ ಹೆಜ್‌ಹಾಗ್ ಹೀಗೆ ಕೆಲಸ ಮಾಡುತ್ತವೆ. ರಸ್ಟ್‌ನ ಪ್ರಾಪ್‌ಟೆಸ್ಟ್, ಜಾವಾದ ಜೆಕ್ವಿಕ್, ಜಾವಾಸ್ಕ್ರಿಪ್ಟ್‌ನ ಫಾಸ್ಟ್-ಚೆಕ್ ಕೂಡ ವಿವರದಲ್ಲಿ ಬೇರೆಯಾದರೂ ಇದೇ ಮನೆತನ. ಜನರೇಟರ್‌ನ ನಿಯಮ ಕುಗ್ಗಿಸುವಾಗಲೂ ಉಳಿಯುತ್ತದೆ, ಹಾಗಾಗಿ ಖಾಲಿ ಪಿನ್‌ಕೋಡ್ ಬರುವ ಪ್ರಶ್ನೆಯೇ ಇಲ್ಲ. ಆದರೆ ಒಂದು ಮೌಲ್ಯದ ಮೇಲೆ ಇನ್ನೊಂದು ನಿಂತಿರುವಲ್ಲಿ ಇದು ಮುಗ್ಗರಿಸುತ್ತದೆ. ಮೊದಲು ಉದ್ದವನ್ನು ಆರಿಸಿ, ಆಮೇಲೆ ಅಷ್ಟೇ ಉದ್ದದ ಲಿಸ್ಟ್ ಹುಟ್ಟಿಸಿದಿರಿ ಎನ್ನಿ. ಉದ್ದವನ್ನು ಕುಗ್ಗಿಸಿದರೆ ಒಳಗಿನ ಲಿಸ್ಟ್ ಹೊಸದಾಗಿ ಹುಟ್ಟಬೇಕು, ಹೊಸ ಲಿಸ್ಟ್‌ನಲ್ಲಿ ಬಗ್ ಇರಲೂಬಹುದು, ಇಲ್ಲದಿರಲೂಬಹುದು. ಒಳಗಿನದನ್ನು ಕುಗ್ಗಿಸಲು ಶುರು ಮಾಡಿದರೆ ಶುದ್ಧ ಮರದ ಪದ್ಧತಿಯಲ್ಲಿ ಹೊರಗಿನ ಉದ್ದಕ್ಕೆ ಮರಳುವ ದಾರಿ ಇರುವುದಿಲ್ಲ.

ಮೂರನೆಯದು ಹೈಪಾತಿಸಿಸ್ ತಂದ ದಾರಿ, ಮತ್ತು ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು. ಡೇವಿಡ್ ಮ್ಯಾಕ್‌ಐವರ್ ಪೈಥಾನ್‌ಗಾಗಿ ಬರೆದ ಈ ಲೈಬ್ರರಿ ಮೌಲ್ಯವನ್ನು ಕುಗ್ಗಿಸುವುದೇ ಇಲ್ಲ. ಮೌಲ್ಯ ಹುಟ್ಟುವಾಗ ಜನರೇಟರ್ ಮಾಡಿದ ಆಯ್ಕೆಗಳನ್ನೆಲ್ಲ ಒಂದು ಸಾಲಾಗಿ ಬರೆದಿಟ್ಟುಕೊಳ್ಳುತ್ತದೆ. ಕುಗ್ಗಿಸುವುದು ಆ ಸಾಲನ್ನು. ನಾಲ್ಕು ಆಯ್ಕೆ ಅಳಿಸಿ, ಒಂದನ್ನು ಸೊನ್ನೆ ಮಾಡಿ, ಮತ್ತೆ ಅದೇ ಜನರೇಟರನ್ನು ಆ ಸಾಲಿನ ಮೇಲೆ ಓಡಿಸುತ್ತದೆ. ಹುಟ್ಟುವ ಮೌಲ್ಯ ಜನರೇಟರ್ ಮೂಲಕವೇ ಬಂದಿರುವುದರಿಂದ ನಿಯಮ ಮುರಿಯುವುದಿಲ್ಲ, ಒಂದರ ಮೇಲೊಂದು ನಿಂತ ಮೌಲ್ಯಗಳಲ್ಲೂ ಹೊರಗಿನದಕ್ಕೂ ಒಳಗಿನದಕ್ಕೂ ಎಷ್ಟು ಸಲ ಬೇಕಾದರೂ ಹೋಗಿ ಬರಬಹುದು. ಕುಗ್ಗಿಸುವ ಕೋಡನ್ನು ನೀವು ಒಂದು ಸಾಲೂ ಬರೆಯಬೇಕಿಲ್ಲ. ಬೆಲೆ ತೆರುವುದು ಸಮಯದಲ್ಲಿ: ಪ್ರತಿ ಪ್ರಯತ್ನಕ್ಕೂ ಜನರೇಟರ್ ಮೊದಲಿಂದ ಓಡಬೇಕು. ಗೋ ಭಾಷೆಯ ರ್ಯಾಪಿಡ್ ಲೈಬ್ರರಿಯೂ ಈ ದಾರಿ ಹಿಡಿದಿದೆ.

ಇದನ್ನೆಲ್ಲ ನನ್ನ ಮಾತಿನ ಮೇಲೆ ನಂಬಬೇಕಿಲ್ಲ. ಜೆಕ್ವಿಕ್ ಬರೆದ ಯೋಹಾನೆಸ್ ಲಿಂಕ್ ಅವರು ಶ್ರಿಂಕಿಂಗ್ ಚಾಲೆಂಜ್ ಎಂಬ ಒಂದು ಸಂಗ್ರಹವನ್ನು ಗಿಟ್‌ಹಬ್‌ನಲ್ಲಿ ಇಟ್ಟಿದ್ದಾರೆ. ಒಂದೇ ಸಮಸ್ಯೆಯನ್ನು ಬೇರೆ ಬೇರೆ ಲೈಬ್ರರಿಗಳು ಎಷ್ಟು ಚಿಕ್ಕದಾಗಿಸುತ್ತವೆ ಎಂಬುದು ಅಲ್ಲಿ ಪಕ್ಕಪಕ್ಕದಲ್ಲಿ ಸಿಗುತ್ತದೆ. ಅದರಲ್ಲಿ ಒಂದು ಮೇಲಿನ ಲಿಸ್ಟ್‌ನಂಥದ್ದೇ: 1ರಿಂದ 100ರೊಳಗೆ ಉದ್ದ ಆರಿಸಿ, ಅಷ್ಟು ಸಂಖ್ಯೆಗಳನ್ನು 0ಯಿಂದ 1000ದೊಳಗೆ ಹುಟ್ಟಿಸಿ, ಅತಿ ದೊಡ್ಡದು 900 ಅಥವಾ ಹೆಚ್ಚಿದ್ದರೆ ಟೆಸ್ಟ್ ಬೀಳುತ್ತದೆ. ಬರಬೇಕಾದ ಉತ್ತರ 900 ಒಂದೇ ಇರುವ ಲಿಸ್ಟ್. ನೀವು ನೋಡುತ್ತಿರುವ ಲೈಬ್ರರಿ ಏನು ಕೊಡುತ್ತದೆ ಎಂದು ಒಮ್ಮೆ ಓಡಿಸಿ ನೋಡಿ. ಡಾಕ್ಯುಮೆಂಟೇಶನ್ ಇಡೀ ಓದುವುದಕ್ಕಿಂತ ಹೆಚ್ಚು ತಿಳಿಯುತ್ತದೆ.

ನಿಮ್ಮ ಭಾಷೆಯಲ್ಲಿ ಯಾವುದು

ಪೈಥಾನ್ ಆದರೆ ಹೈಪಾತಿಸಿಸ್. ಇಲ್ಲಿ ಹೋಲಿಸಲು ಎರಡನೆಯ ಹೆಸರಿಲ್ಲ. ಸಂಖ್ಯಾ ಲೆಕ್ಕಾಚಾರದ ಹೆಸರಾಂತ ಲೈಬ್ರರಿ ನಂಪೈ ತನ್ನ ಟೆಸ್ಟ್‌ಗಳಲ್ಲಿ ಇದನ್ನೇ ಬಳಸುತ್ತದೆ. ಎರಡು ವಿಷಯ ಮಾತ್ರ ಮೊದಲೇ ತಿಳಿದಿರಲಿ: ಒಂದೊಂದು ಉದಾಹರಣೆಗೆ 200 ಮಿಲಿಸೆಕೆಂಡ್ ಗಡುವು ಇದರಲ್ಲಿ ಮೊದಲಿಂದಲೇ ಇರುತ್ತದೆ, ಡೇಟಾಬೇಸ್ ಮುಟ್ಟುವ ಟೆಸ್ಟ್‌ಗಳು ಆ ಕಾರಣಕ್ಕೇ ಬೀಳಬಹುದು, ಮತ್ತು ಹುಟ್ಟಿದ್ದರಲ್ಲಿ ಹೆಚ್ಚಿನದನ್ನು ಫಿಲ್ಟರ್ ಮಾಡಿ ಎಸೆದರೆ ಅದು ಟೆಸ್ಟನ್ನೇ ನಿಲ್ಲಿಸಿ ಎಚ್ಚರಿಸುತ್ತದೆ. ಎರಡನೆಯದನ್ನು ಕಿರಿಕಿರಿ ಎಂದು ಆಫ್ ಮಾಡುವವರನ್ನು ನೋಡಿದ್ದೇನೆ. ಮಾಡಬೇಡಿ. ಸಮಸಂಖ್ಯೆ ಬೇಕಿದ್ದರೆ ಬೆಸವನ್ನು ಎಸೆಯುವ ಬದಲು ಹುಟ್ಟಿದ ಸಂಖ್ಯೆಯನ್ನು ಎರಡರಿಂದ ಗುಣಿಸಿ.

ಜಾವಾಸ್ಕ್ರಿಪ್ಟ್, ಟೈಪ್‌ಸ್ಕ್ರಿಪ್ಟ್‌ಗೆ ಫಾಸ್ಟ್-ಚೆಕ್. ಜೆಸ್ಟ್, ವಿಟೆಸ್ಟ್, ಮೋಕಾ ಎಂಬ ಟೆಸ್ಟ್ ಓಡಿಸುವ ಸಾಧನಗಳಲ್ಲಿ ಯಾವುದರ ಜೊತೆಗೂ ಹೊಂದಿಕೊಳ್ಳುತ್ತದೆ. ಇದರಲ್ಲಿರುವ ಷೆಡ್ಯೂಲರ್ ಇನ್ನೆಲ್ಲೂ ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಪ್ರಾಮಿಸ್‌ಗಳು (ಉತ್ತರ ಆಮೇಲೆ ಬರುವ ಕೆಲಸಗಳು) ಮುಗಿಯುವ ಕ್ರಮವನ್ನು ಅದು ಬೇಕೆಂದೇ ಹಿಂದುಮುಂದು ಮಾಡುತ್ತದೆ. ಹುಡುಕುವ ಪೆಟ್ಟಿಗೆಯಲ್ಲಿ ಹಳೆಯ ಅಕ್ಷರಗಳಿಗೆ ಬಂದ ಉತ್ತರ ಹೊಸ ಅಕ್ಷರಗಳ ಉತ್ತರವನ್ನು ಅಳಿಸಿಬಿಡುವಂಥ ಬಗ್‌ಗಳು ಇದಕ್ಕೆ ಚೆನ್ನಾಗಿ ಸಿಗುತ್ತವೆ.

ಜಾವಾ ಮತ್ತು ಕೋಟ್ಲಿನ್‌ನವರಿಗೆ ಜೆಕ್ವಿಕ್, ಜೆಯೂನಿಟ್ 5ರ ಪ್ಲಾಟ್‌ಫಾರ್ಮ್ ಮೇಲೆಯೇ ಓಡುತ್ತದೆ. ಉಳಿದ ಹಲವು ಲೈಬ್ರರಿಗಳು ಒಂದು ಪ್ರಾಪರ್ಟಿಗೆ 100 ಸಲ ಪ್ರಯತ್ನಿಸಿದರೆ ಇದು 1000 ಸಲ. ಸ್ಕಾಲಾಕ್ಕೆ ಸ್ಕಾಲಾಚೆಕ್, ಎಲಿಕ್ಸಿರ್‌ಗೆ ಸ್ಟ್ರೀಮ್‌ಡೇಟಾ ಇವೆ.

ರಸ್ಟ್‌ನಲ್ಲಿ ನಿಜವಾದ ಆಯ್ಕೆ ಇದೆ. ಆಂಡ್ರ್ಯೂ ಗ್ಯಾಲಂಟ್ ಬರೆದ ಕ್ವಿಕ್‌ಚೆಕ್ ಚಿಕ್ಕದು, ವೇಗವಾದದ್ದು, ಒಂದು ಟೈಪ್‌ಗೆ ಒಂದೇ ಜನರೇಟರ್. ಪ್ರಾಪ್‌ಟೆಸ್ಟ್ ಹೈಪಾತಿಸಿಸ್‌ನಿಂದ ಸ್ಫೂರ್ತಿ ಪಡೆದದ್ದು. ಒಂದೇ ಟೈಪ್‌ಗೆ ಎಷ್ಟು ಬಗೆಯ ಜನರೇಟರ್ ಬೇಕಾದರೂ ಮಾಡಿಕೊಳ್ಳಬಹುದು, ರೆಗ್ಯುಲರ್ ಎಕ್ಸ್‌ಪ್ರೆಶನ್ ಕೊಟ್ಟರೆ ಅದಕ್ಕೆ ಹೊಂದುವ ಸ್ಟ್ರಿಂಗ್ ಹುಟ್ಟಿಸುತ್ತದೆ. ಕುಗ್ಗಿಸಲು ಬೇಕಾದ ಮಾಹಿತಿಯನ್ನೆಲ್ಲ ಹೊತ್ತುಕೊಂಡೇ ಹೋಗುವುದರಿಂದ ಜಟಿಲ ಮೌಲ್ಯಗಳಲ್ಲಿ ಸಾಕಷ್ಟು ನಿಧಾನ. ಪಿನ್‌ಕೋಡ್, ಐಎಫ್‌ಎಸ್‌ಸಿ, ಜಿಎಸ್‌ಟಿ ನಂಬರ್‌ನಂಥ ನಿಯಮವಿರುವ ಡೇಟಾ ಇದ್ದರೆ ಪ್ರಾಪ್‌ಟೆಸ್ಟ್ ತೆಗೆದುಕೊಳ್ಳಿ. ಯಾವ ಬೈಟ್ ಕೊಟ್ಟರೂ ಸರಿ ಎನ್ನುವ ಎನ್‌ಕೋಡರ್, ಡೇಟಾ ಸ್ಟ್ರಕ್ಚರ್‌ಗಳಿಗೆ ಕ್ವಿಕ್‌ಚೆಕ್ ಸಾಕು.

ಹ್ಯಾಸ್ಕೆಲ್‌ನಲ್ಲೂ ಇದೇ ತಕ್ಕಡಿ: ಹೊಸದಾಗಿ ಶುರು ಮಾಡುವ ಕೋಡ್‌ಗೆ ನಾನು ಹೆಜ್‌ಹಾಗ್ ಹೇಳುತ್ತೇನೆ, ಈಗಾಗಲೇ ಕ್ವಿಕ್‌ಚೆಕ್ ತುಂಬಿರುವ ಕೋಡನ್ನು ಬದಲಿಸಿ ಎನ್ನುವುದಿಲ್ಲ.

ಗೋ ಭಾಷೆಯವರು ಎಡವುವುದು ಸ್ಟ್ಯಾಂಡರ್ಡ್ ಲೈಬ್ರರಿಯಲ್ಲೇ ಸಿಗುವ ಟೆಸ್ಟಿಂಗ್/ಕ್ವಿಕ್ ಪ್ಯಾಕೇಜ್‌ನಲ್ಲಿ. ಹೊರಗಿನ ಡಿಪೆಂಡೆನ್ಸಿ ಬೇಡ ಎಂದು ಅದನ್ನೇ ಎತ್ತಿಕೊಳ್ಳುತ್ತಾರೆ. ಅದು ಕುಗ್ಗಿಸುವುದೇ ಇಲ್ಲ, ಅದಕ್ಕೆ ಹೊಸದೇನನ್ನೂ ಸೇರಿಸುವುದಿಲ್ಲ ಎಂದು ಗೋ ತಂಡವೇ ಬರೆದಿಟ್ಟಿದೆ. 2022ರ ಮಾರ್ಚ್‌ನಲ್ಲಿ ಗೋ 1.18ರ ಜೊತೆ ಬಂದ ಫಜ್ಜಿಂಗ್ ಬೇರೆಯೇ ಸಾಧನ: ಕೋಡ್‌ನ ಯಾವ ದಾರಿಗಳು ಇನ್ನೂ ಓಡಿಲ್ಲ ಎಂದು ಗಮನಿಸುತ್ತಾ ಇನ್‌ಪುಟ್ ತಿರುಚುತ್ತದೆ. ಪಾರ್ಸರ್‌ಗಳಿಗೆ ಅದ್ಭುತ, ಆದರೆ ಸ್ಟ್ರಿಂಗ್, ಬೈಟ್, ಸಂಖ್ಯೆಗಳಂಥ ಮೂಲ ಟೈಪ್‌ಗಳನ್ನು ಮಾತ್ರ ತೆಗೆದುಕೊಳ್ಳುತ್ತದೆ. ರಚನೆಯಿರುವ ಡೇಟಾಗೆ ರ್ಯಾಪಿಡ್ ಬಳಸಿ. ರ್ಯಾಪಿಡ್‌ನಲ್ಲಿ ಬರೆದ ಪ್ರಾಪರ್ಟಿಯನ್ನೇ ಆ ಫಜ್ಜರ್‌ಗೂ ಕೊಡಬಹುದು.

ಹುಟ್ಟಿಸುವ ಡೇಟಾದಲ್ಲಿ ಕಾಣದ ಖಾಲಿಜಾಗಗಳು

ಇನ್ನು ಎರಡನೆಯ ಪ್ರಶ್ನೆಗೆ ಬರೋಣ. ಲೈಬ್ರರಿ ಸಂಖ್ಯೆ ಹುಟ್ಟಿಸುತ್ತದೆ ಎಂದರೆ ಸಾಲದು, ಯಾವ ಸಂಖ್ಯೆ ಎಂದು ಕೇಳಬೇಕು. ಹಣವನ್ನು ಪೈಸೆಯಲ್ಲಿ 32 ಬಿಟ್ ಸಂಖ್ಯೆಯಾಗಿ ಇಡುವ ವ್ಯವಸ್ಥೆ 2,14,74,836 ರೂಪಾಯಿ 47 ಪೈಸೆ ದಾಟಿದ ಕೂಡಲೇ ಮುರಿಯುತ್ತದೆ. ಎರಡು ಕೋಟಿ ಚಿಲ್ಲರೆ, ಬೆಂಗಳೂರಿನಲ್ಲಿ ಒಂದು ದೊಡ್ಡ ಫ್ಲ್ಯಾಟ್‌ನ ಬೆಲೆ. ಹ್ಯಾಸ್ಕೆಲ್‌ನ ಕ್ವಿಕ್‌ಚೆಕ್ ಪೂರ್ಣಾಂಕಗಳನ್ನು ಚಿಕ್ಕದರಿಂದ ಶುರು ಮಾಡಿ ಸುಮಾರು ನೂರರವರೆಗೆ ಮಾತ್ರ ಬೆಳೆಸುತ್ತದೆ. ನೀವು ಬೇರೆ ಹೇಳದ ಹೊರತು ಈ ಬಗ್ ಅದಕ್ಕೆ ಸಿಗುವುದಿಲ್ಲ. ಜೆಕ್ವಿಕ್ ಟೈಪ್‌ನ ಅತಿ ದೊಡ್ಡ, ಅತಿ ಚಿಕ್ಕ ಮೌಲ್ಯಗಳನ್ನು ಬೇಕೆಂದೇ ಬೆರೆಸುತ್ತದೆ, ಫಾಸ್ಟ್-ಚೆಕ್ ಕೂಡ ಅಂಚುಗಳ ಕಡೆ ವಾಲುತ್ತದೆ. ಪೈಥಾನ್‌ನಲ್ಲಿ ಸಂಖ್ಯೆಗೆ ಮಿತಿಯೇ ಇಲ್ಲದಿದ್ದರೂ ಡೇಟಾಬೇಸ್‌ನ ಕಾಲಮ್‌ಗೆ ಇರುತ್ತದೆ, ಹೈಪಾತಿಸಿಸ್ ಆ ಗೋಡೆಗೆ ಬೇಗ ಹೋಗಿ ಬಡಿಯುತ್ತದೆ.

ಪಠ್ಯದ ವಿಷಯದಲ್ಲಿ ಕನ್ನಡದ ತಂತ್ರಾಂಶ ಬರೆಯುವವರು ಇನ್ನೂ ಹುಷಾರಾಗಿರಬೇಕು. ಫಾಸ್ಟ್-ಚೆಕ್‌ನ ಮಾಮೂಲಿ ಸ್ಟ್ರಿಂಗ್ ಜನರೇಟರ್ ಆಸ್ಕಿ ಅಕ್ಷರಗಳಲ್ಲೇ ನಿಲ್ಲುತ್ತದೆ. ಬೇರೆ ಲಿಪಿ ಬೇಕಿದ್ದರೆ ಯುನಿಟ್ ಎಂಬ ಆಯ್ಕೆಯಲ್ಲಿ ಹೇಳಬೇಕು. ಹೈಪಾತಿಸಿಸ್ ಇಡೀ ಯುನಿಕೋಡ್‌ನಿಂದ ಆರಿಸುತ್ತದೆ, ಆದರೆ ಆ ಸಮುದ್ರದಲ್ಲಿ ಕನ್ನಡದ ಎರಡು ಅಕ್ಷರ ಪಕ್ಕಪಕ್ಕ ಬರುವುದು ಅಪರೂಪ. ಹಾಗಾಗಿ ಕನ್ನಡ ಪಠ್ಯಕ್ಕೆ ಪ್ರತ್ಯೇಕ ಜನರೇಟರ್ ಮಾಡಿ, ಅಕ್ಷರಗಳನ್ನು ಯುನಿಕೋಡ್‌ನ 0ಸಿ80ಯಿಂದ 0ಸಿಎಫ್‌ಎಫ್‌ವರೆಗಿನ ಕನ್ನಡ ವಿಭಾಗಕ್ಕೆ ಸೀಮಿತಗೊಳಿಸಿ. ಆಮೇಲೆ ಸಿಗುವ ಬಗ್‌ಗಳು ನಿಜವಾದ ಬಳಕೆದಾರರನ್ನು ಕಾಡುತ್ತಿರುವ ಬಗ್‌ಗಳೇ. ‘ಕೋ’ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಕೋಡ್‌ನಲ್ಲೂ ಬರೆಯಬಹುದು, ಮೂರು ಕೋಡ್‌ಗಳನ್ನು ಸೇರಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಹೋಲಿಸಿದರೆ ಬೇರೆ ಬೇರೆ. ‘ಕೋಲಾರ’ ಎಂದು ಹುಡುಕಿದವರಿಗೆ ಕೋಲಾರ ಸಿಗುವುದಿಲ್ಲ. ಹೆಸರನ್ನು ಇಪ್ಪತ್ತು ಅಕ್ಷರಕ್ಕೆ ಕತ್ತರಿಸುವ ಕೋಡ್ ಒತ್ತಕ್ಷರದ ನಡುವೆ ಕತ್ತರಿಸಿ ಹಲಂತವನ್ನು ನೇತುಹಾಕುತ್ತದೆ. ಅಂಕಿಗಳ ಕಥೆಯೂ ಹೀಗೇ. ‘೧೨’ ಎಂದು ಕೊಟ್ಟರೆ ಪೈಥಾನ್ ಅದನ್ನು ಹನ್ನೆರಡು ಎಂದು ಓದುತ್ತದೆ, ಜಾವಾಸ್ಕ್ರಿಪ್ಟ್ ಸಂಖ್ಯೆಯೇ ಅಲ್ಲ ಎನ್ನುತ್ತದೆ. ‘ಬ್ರೌಸರ್ ಒಪ್ಪಿದ್ದನ್ನು ಸರ್ವರ್ ಒಪ್ಪಬೇಕು, ಸರ್ವರ್ ಒಪ್ಪಿದ್ದನ್ನು ಬ್ರೌಸರ್ ಒಪ್ಪಬೇಕು’ ಎಂಬ ಪ್ರಾಪರ್ಟಿ ಒಂದನ್ನು ಬರೆದರೆ ಇದು ತಾನಾಗಿ ಹೊರಬೀಳುತ್ತದೆ.

ಮತ್ತೆ ಅದೇ ಬಗ್ ಬೇಕೆಂದರೆ

ಯಾದೃಚ್ಛಿಕ ಟೆಸ್ಟ್‌ಗಳನ್ನು ತಂಡಗಳು ಕೈಬಿಡುವುದಕ್ಕೆ ನಾನು ಕಂಡ ಮುಖ್ಯ ಕಾರಣ, ಸಿಐ ಸರ್ವರ್‌ನಲ್ಲಿ (ಕೋಡ್ ಸೇರಿಸಿದಾಗಲೆಲ್ಲ ಟೆಸ್ಟ್ ಓಡಿಸುವ ಯಂತ್ರದಲ್ಲಿ) ಬಿದ್ದದ್ದು ತಮ್ಮ ಲ್ಯಾಪ್‌ಟಾಪ್‌ನಲ್ಲಿ ಬೀಳುವುದಿಲ್ಲ ಎಂಬುದು. ಇಲ್ಲಿ ಲೈಬ್ರರಿಗಳ ನಡುವೆ ದೊಡ್ಡ ಅಂತರವಿದೆ. ಹೈಪಾತಿಸಿಸ್ ಬಿದ್ದ ಉದಾಹರಣೆಗಳನ್ನು ಪ್ರಾಜೆಕ್ಟ್‌ನೊಳಗಿನ ಒಂದು ಫೋಲ್ಡರ್‌ನಲ್ಲಿ ತಾನೇ ಉಳಿಸಿ, ಮುಂದಿನ ಸಲ ಮೊದಲು ಅವನ್ನೇ ಓಡಿಸುತ್ತದೆ. ಪ್ರಾಪ್‌ಟೆಸ್ಟ್ ಅವನ್ನು ಗಿಟ್‌ಗೆ ಸೇರಿಸಬಹುದಾದ ಫೈಲ್‌ನಲ್ಲಿ ಬರೆಯುತ್ತದೆ, ಇಡೀ ತಂಡಕ್ಕೆ ಬಗ್ ತಲುಪುತ್ತದೆ. ನನ್ನ ಕಣ್ಣಿಗೆ ಇದೇ ಒಳ್ಳೆಯ ವ್ಯವಸ್ಥೆ. ಫಾಸ್ಟ್-ಚೆಕ್ ಸೀಡ್ (ಅದೇ ಯಾದೃಚ್ಛಿಕ ಸರಣಿಯನ್ನು ಮತ್ತೆ ಹುಟ್ಟಿಸುವ ಸಂಖ್ಯೆ) ಮತ್ತು ಪಾತ್ (ಆ ಸರಣಿಯಲ್ಲಿ ಬಿದ್ದ ಉದಾಹರಣೆಗೆ ಹೋಗುವ ದಾರಿ) ಎರಡನ್ನೂ ಮುದ್ರಿಸುತ್ತದೆ, ನೀವು ಅದನ್ನು ಟೆಸ್ಟ್‌ನಲ್ಲಿ ಅಂಟಿಸಿಕೊಳ್ಳಬೇಕು. ಯಾವ ಲೈಬ್ರರಿ ಆದರೂ ಸರಿ, ಕುಗ್ಗಿಸಿ ಸಿಕ್ಕಿದ ಇನ್‌ಪುಟ್ಟನ್ನು ಒಂದು ಮಾಮೂಲಿ ಯೂನಿಟ್ ಟೆಸ್ಟ್ ಆಗಿಯೂ ಬರೆದಿಡಿ. ಜನರೇಟರ್ ಬದಲಾದರೆ ಹಳೆಯ ಸೀಡ್‌ಗೆ ಅರ್ಥವಿರುವುದಿಲ್ಲ.

ಒಂದರ ಹಿಂದೊಂದು ಕರೆಗಳನ್ನು ಪರೀಕ್ಷಿಸಬೇಕಿದ್ದರೆ (ಕಾರ್ಟ್‌ಗೆ ಸೇರಿಸು, ತೆಗೆ, ಕೂಪನ್ ಹಾಕು, ಹಣ ಕಟ್ಟು) ಹೈಪಾತಿಸಿಸ್, ಫಾಸ್ಟ್-ಚೆಕ್, ಜೆಕ್ವಿಕ್, ರ್ಯಾಪಿಡ್ ಎಲ್ಲದರಲ್ಲೂ ಸೌಕರ್ಯವಿದೆ. ಅವೇ ಕರೆಗಳನ್ನು ಏಕಕಾಲಕ್ಕೆ ಓಡಿಸಿ, ಫಲಿತಾಂಶ ಯಾವುದಾದರೊಂದು ಕ್ರಮಕ್ಕೆ ಹೊಂದುತ್ತದೆಯೇ ಎಂದು ನೋಡಬೇಕಿದ್ದರೆ ಆಯ್ಕೆ ಕಿರಿದಾಗುತ್ತದೆ: ಎರ್ಲಾಂಗ್‌ನ ಪ್ರಾಪ್‌ಎರ್, ಹ್ಯೂಸ್ ಮತ್ತು ಥಾಮಸ್ ಆರ್ಟ್ಸ್ 2006ರಲ್ಲಿ ಕಟ್ಟಿದ ಕ್ವಿವಿಕ್ ಸಂಸ್ಥೆಯ ವಾಣಿಜ್ಯ ಕ್ವಿಕ್‌ಚೆಕ್, ಹ್ಯಾಸ್ಕೆಲ್‌ನ ಹೆಜ್‌ಹಾಗ್. ಹೈಪಾತಿಸಿಸ್‌ನಲ್ಲಿ ಇದು ಇಲ್ಲ.

ನೀವೇ ಕಟ್ಟಬೇಕೇ?

ಹೆಚ್ಚಿನವರಿಗೆ ಬೇಡ. ಸಿ ಭಾಷೆಯ ಕೋಡ್ ಇದ್ದರೂ ಪೈಥಾನ್‌ನಿಂದ ಅದನ್ನು ಕರೆದು ಹೈಪಾತಿಸಿಸ್‌ನಲ್ಲೇ ಪರೀಕ್ಷಿಸಬಹುದು. ಕ್ವಿವಿಕ್‌ನವರು ವೋಲ್ವೊ ಕಾರುಗಳ ಸಿ ತಂತ್ರಾಂಶವನ್ನು ಎರ್ಲಾಂಗ್‌ನಿಂದಲೇ ಪರೀಕ್ಷಿಸಿದರು. ಆದರೆ ನಿಮ್ಮ ಸಂಸ್ಥೆಗೆ ಅದರದೇ ಆದ ಸ್ಕ್ರಿಪ್ಟ್ ಭಾಷೆ ಇದ್ದು, ಹೊರಗಿನಿಂದ ಕರೆಯುವ ದಾರಿಯೇ ಇಲ್ಲದಿದ್ದರೆ ಕಟ್ಟಿ. ಮೂರನೆಯ ದಾರಿಯಲ್ಲೇ ಕಟ್ಟಿ, ಏಕೆಂದರೆ ವಿಚಿತ್ರವೆಂಬಂತೆ ಅತ್ಯುತ್ತಮವಾದದ್ದೇ ಕಟ್ಟಲೂ ಸುಲಭ. ಭಾಷೆಯ ಟೈಪ್ ವ್ಯವಸ್ಥೆಯಿಂದ ಅದು ಏನನ್ನೂ ಬೇಡುವುದಿಲ್ಲ. ಮ್ಯಾಕ್‌ಐವರ್ ಅವರೇ ಹೈಪಾತಿಸಿಸ್‌ನ ತಿರುಳನ್ನು ಮಿನಿಥೀಸಿಸ್ ಎಂಬ ಚಿಕ್ಕ ಕೋಡ್ ಆಗಿ, ಬೇರೆ ಭಾಷೆಗೆ ಒಯ್ಯುವವರಿಗೆಂದೇ ಬರೆದಿಟ್ಟಿದ್ದಾರೆ.

ಬೇಕಾದ ಭಾಗಗಳು ಇಷ್ಟೇ. ಸಂಖ್ಯೆ ಕೇಳಿದಾಗ ಯಾದೃಚ್ಛಿಕವಾಗಿ ಕೊಟ್ಟು, ಕೊಟ್ಟದ್ದನ್ನು ಬರೆದಿಟ್ಟುಕೊಳ್ಳುವ ಒಂದು ಮೂಲ. ಆ ಮೂಲವನ್ನು ತೆಗೆದುಕೊಂಡು ಮೌಲ್ಯ ಹಿಂತಿರುಗಿಸುವ ಫಂಕ್ಷನ್, ಅದೇ ಜನರೇಟರ್. ಟೆಸ್ಟ್ ಬಿದ್ದಾಗ ಬರೆದಿಟ್ಟ ಸಾಲನ್ನು ಹಿಡಿದು ತುಂಡು ತುಂಡಾಗಿ ಅಳಿಸುವುದು, ಸೊನ್ನೆ ಮಾಡುವುದು, ಒಂದೊಂದನ್ನೂ ಬೈನರಿ ಸರ್ಚ್‌ನಿಂದ ಇಳಿಸುವುದು, ಪ್ರತಿ ಸಲವೂ ಮತ್ತೆ ಓಡಿಸಿ ಇನ್ನೂ ಬೀಳುತ್ತದೆಯೇ ಎಂದು ನೋಡುವುದು. ಚಿಕ್ಕದು ಎಂದರೇನು ಎಂಬುದಕ್ಕೆ ಒಂದೇ ಕ್ರಮ ಇಟ್ಟುಕೊಳ್ಳಿ: ಕಡಿಮೆ ಉದ್ದದ ಸಾಲು ಮೊದಲು, ಉದ್ದ ಒಂದೇ ಇದ್ದರೆ ಎಡದಿಂದ ಕಡಿಮೆ ಸಂಖ್ಯೆಯದು ಮೊದಲು. ಓಡುವಾಗ ಸಾಲು ನಡುವೆಯೇ ಮುಗಿದರೆ ಆ ಪ್ರಯತ್ನವನ್ನು ಬಿಟ್ಟುಬಿಡಿ.

ಕೈಚಳಕ ಬೇಕಿರುವುದು ಜನರೇಟರ್ ಬರೆಯುವುದರಲ್ಲಿ. ಸಂಖ್ಯೆ ಸೊನ್ನೆಯಾದಾಗ ಸರಳವಾದ ಮೌಲ್ಯವೇ ಹುಟ್ಟುವಂತೆ ಬರೆಯಬೇಕು. ಲಿಸ್ಟಿಗೆ ಮೊದಲೇ ಉದ್ದವನ್ನು ಆರಿಸಬೇಡಿ. ಪ್ರತಿ ಅಂಶಕ್ಕೂ ಮೊದಲು ‘ಇನ್ನೊಂದು ಬೇಕೇ’ ಎಂದು ಮೂಲವನ್ನು ಕೇಳಿ, ಸೊನ್ನೆ ಬಂದರೆ ನಿಲ್ಲಿಸಿ. ಹಾಗೆ ಮಾಡಿದರೆ ಸಾಲಿನಿಂದ ಎರಡು ಸಂಖ್ಯೆ ಅಳಿಸಿದಾಗ ಲಿಸ್ಟ್‌ನ ನಡುವಿನಿಂದ ಒಂದು ಅಂಶ ನೀಟಾಗಿ ಹೊರಬರುತ್ತದೆ, ಉಳಿದವು ಇದ್ದಲ್ಲೇ ಇರುತ್ತವೆ. ಕಟ್ಟಿ ಮುಗಿಸಿದ ದಿನ ಮೊದಲು ಓಡಿಸಬೇಕಾದದ್ದು ಬೀಳಲೇಬೇಕಾದ ಪ್ರಾಪರ್ಟಿಗಳನ್ನು: ಸೊನ್ನೆ ಅಥವಾ ಅದಕ್ಕಿಂತ ದೊಡ್ಡ ಪೂರ್ಣಾಂಕಗಳ ಯಾವ ಲಿಸ್ಟಿನ ಮೊತ್ತವೂ 1000 ದಾಟುವುದಿಲ್ಲ ಎಂದು ಬರೆಯಿರಿ. 1001 ಒಂದೇ ಇರುವ ಲಿಸ್ಟ್ ಬಂದರೆ ನಿಮ್ಮ ಲೈಬ್ರರಿ ಬಳಕೆಗೆ ಸಿದ್ಧ. 500, 501 ಎಂದು ಎರಡು ಸಂಖ್ಯೆಗಳಲ್ಲಿ ನಿಂತರೆ, ಹತ್ತಿರದ ಎರಡು ಆಯ್ಕೆಗಳಲ್ಲಿ (ಪಕ್ಕದವು, ಇಲ್ಲವೇ ನಡುವೆ ಒಂದು ‘ಇನ್ನೊಂದು ಬೇಕೇ’ ಇರುವವು) ಒಂದನ್ನು ಇಳಿಸಿ ಇನ್ನೊಂದನ್ನು ಅಷ್ಟೇ ಏರಿಸುವ ಹೆಜ್ಜೆಯೊಂದನ್ನು ಕುಗ್ಗಿಸುವ ಕೋಡ್‌ಗೆ ಸೇರಿಸಿ ಮತ್ತೆ ಓಡಿಸಿ.